ಬಿಡದ ಜೋಮು

ಜೋಮು ಹಿಡಿಯುವುದೆಂದರೆ ಏನೆಂದು ತಿಳಿಯದವರಿಲ್ಲ. ಮದುವೆಯ ಮನೆಯ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತವರಿಗೆ, ಪಾಯಸ ಎರಡನೆಯ ಸಲ ಬರುವ ಹೊತ್ತಿಗೆ ಒಂದು ಕಾಲು ತಮ್ಮದಲ್ಲವೆಂಬಂತೆ ಆಗಿರುತ್ತದೆ. ಏಳಲು ಹೋದರೆ ನೆಲ ಸಿಕ್ಕದು. ಮರುಕ್ಷಣವೇ ಸಾವಿರ ಇರುವೆಗಳು ಒಮ್ಮೆಗೆ ಹರಿದಂತಾಗುತ್ತದೆ. ಗೋಡೆ ಹಿಡಿದು ನಿಂತವರನ್ನು ನೋಡಿ ಮಕ್ಕಳು ನಗುತ್ತಾರೆ. ಎರಡು ನಿಮಿಷ ಕಳೆಯುವುದರೊಳಗೆ ಕಾಲು ಮತ್ತೆ ತಮ್ಮದಾಗುತ್ತದೆ. ಕೈ ತೊಳೆಯಲು ನಡೆದು ಹೋಗುವಾಗ ಜೋಮಿನ ನೆನಪೂ ಉಳಿದಿರುವುದಿಲ್ಲ.

ಕೆಲವರ ಪಾದಕ್ಕೆ ಬಂದ ಜೋಮು ಮಾತ್ರ ಹೀಗೆ ಹೊರಟುಹೋಗುವುದಿಲ್ಲ. ಮೊದಲು ಅದು ಹೆಬ್ಬೆರಳಿನ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ತಿಂಗಳುಗಳು ಉರುಳಿದಂತೆ ಅಂಗಾಲಿಗೆ ಹರಡಿ, ಹಿಮ್ಮಡಿಯನ್ನು ದಾಟಿ, ಕಣಕಾಲಿಗೆ ಏರುತ್ತದೆ. ರಾತ್ರಿ ಹೊದಿಕೆ ತಗುಲಿದರೂ ಉರಿ. ಹಗಲು ನಡೆದರೆ ಹತ್ತಿಯ ಮೇಲೆ ಕಾಲಿಟ್ಟಂತೆ. ಉರಿಯೂ ಮರಗಟ್ಟುವಿಕೆಯೂ ಒಂದೇ ಪಾದದಲ್ಲಿ ಒಟ್ಟಿಗೆ ಇರುವುದು ಕೇಳುವವರಿಗೆ ವಿಚಿತ್ರವೆನಿಸಬಹುದು. ಅನುಭವಿಸುವವರಿಗೆ ಅದು ನಿತ್ಯದ ಮಾತು. ವೈದ್ಯರು ಇದನ್ನು ಪೆರಿಫೆರಲ್ ನ್ಯೂರೋಪತಿ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಹೊರನರಗಳ ಬೇನೆ ಎನ್ನಬಹುದು.

ಚರ್ಮದಡಿ ಉಬ್ಬಿ ಕಾಣುವ ನೀಲಿ ರಕ್ತನಾಳವನ್ನೂ ನಮ್ಮ ಜನ ನರವೆಂದೇ ಹೇಳುವುದುಂಟು. ಇಲ್ಲಿಯ ಮಾತು ಅದರದಲ್ಲ. ಬೆನ್ನುಹುರಿಯಿಂದ ಹೊರಟು ಚರ್ಮಕ್ಕೂ ಸ್ನಾಯುಗಳಿಗೂ ಸುದ್ದಿಯನ್ನು ಒಯ್ದು ತರುವ ತಂತುಗಳದು. ಸೊಂಟದ ಬಳಿಯಿಂದ ಹೆಬ್ಬೆರಳಿನವರೆಗೆ ಹರಿಯುವ ಒಂದು ನರತಂತು ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಅಷ್ಟು ಉದ್ದಕ್ಕೂ ಪೋಷಣೆ ಒದಗಿಸಬೇಕಾದ ಜೀವಕೋಶ ಇರುವುದು ಬೆನ್ನಿನ ಹತ್ತಿರ. ನೀರಿನ ಒತ್ತಡ ಕುಗ್ಗಿದಾಗ ಬೀದಿಯ ಕೊನೆಯ ಮನೆಯ ನಲ್ಲಿಯೇ ಮೊದಲು ಬತ್ತುವಂತೆ, ದೇಹದಲ್ಲಿ ಏನೇ ಕೊರತೆಯಾಗಲಿ, ವಿಷ ಸೇರಲಿ, ಅತ್ಯಂತ ಉದ್ದವಾದ ನರದ ತುದಿಯೇ ಮೊದಲು ಸೊರಗುತ್ತದೆ. ಆದುದರಿಂದಲೇ ಬೇನೆ ಸಾಮಾನ್ಯವಾಗಿ ಎರಡು ಪಾದಗಳಲ್ಲೂ ಸಮನಾಗಿ ಆರಂಭವಾಗಿ, ಮೊಣಕಾಲನ್ನು ಸಮೀಪಿಸುವ ಹೊತ್ತಿಗೆ ಕೈಬೆರಳುಗಳನ್ನು ಮುಟ್ಟುತ್ತದೆ.

ಕೊನೆಯ ಮನೆಯಲ್ಲಿ ನೀರಿಲ್ಲವೆಂದರೆ ದೋಷ ಆ ಮನೆಯ ನಲ್ಲಿಯಲ್ಲಿದೆ ಎಂದು ಹೇಳಲಾಗದು. ಮರಗಟ್ಟಿದ ಪಾದದ ಮಾತೂ ಹಾಗೆಯೇ. ಅದು ಸ್ವತಃ ರೋಗವೆನ್ನುವುದಕ್ಕಿಂತ ಮತ್ತೆಲ್ಲಿಯೋ ಇರುವ ರೋಗದ ಸುದ್ದಿ. ಆ ಮೂಲಗಳೋ ನೂರಕ್ಕೂ ಹೆಚ್ಚು. ಯಾವುದೆಂದು ಕಂಡುಹಿಡಿಯದೆ ಕೊಟ್ಟ ಮದ್ದು ಸುದ್ದಿ ತಂದವನ ಬಾಯಿ ಮುಚ್ಚಿಸಿದಂತೆ.

ಇದನ್ನು ಮೈಸೂರಿನ ಒಂದು ಮನೆಯ ಮೂಲಕ ನೋಡಬಹುದು. ಅಂಥ ಮನೆ ಧಾರವಾಡದಲ್ಲಿಯೂ ಇದೆ, ಶಿವಮೊಗ್ಗದಲ್ಲಿಯೂ ಇದೆ. ಮನೆಯ ಯಜಮಾನರು ಖಜಾನೆ ಇಲಾಖೆಯಿಂದ ನಿವೃತ್ತರು, ರಾಯರೆಂದರೆ ಸಾಕು. ಅರುವತ್ತಾರರ ವಯಸ್ಸು, ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಸೇವೆಯಲ್ಲಿದ್ದಾಗ ವೋಚರ್ ಇಲ್ಲದ ಒಂದು ಬಿಲ್ಲನ್ನೂ ಪಾಸು ಮಾಡಿದವರಲ್ಲ. ಅಂಥವರು, ಪಾದಕ್ಕೆ ಜೋಮು ಬಂದಾಗ, ಯಾರು ಏನು ಹೇಳಿದರೂ ಲೆಕ್ಕ ಕೇಳದೆ ಒಪ್ಪಿಕೊಂಡರು.

“ಇದು ವಾಯು ಕಣ್ರೀ. ರಾತ್ರಿ ಆಲೂಗಡ್ಡೆ ಬಿಡಿ,” ಎಂದರು ಮನೆಯಾಕೆ. ಹರಳೆಣ್ಣೆ ಕಾಯಿಸಿ ಹಚ್ಚಿದ್ದಾಯಿತು. ಅಳಿಯಂದಿರು ಬಿ-ಕಾಂಪ್ಲೆಕ್ಸ್ ಮಾತ್ರೆಯ ಪಟ್ಟಿ ತಂದುಕೊಟ್ಟರು. ಮೂತ್ರ ಗಾಢ ಹಳದಿಯಾದುದನ್ನು ಕಂಡು ಹೆದರಿ, ಅದು ಆ ಮಾತ್ರೆಯ ಸಹಜ ಬಣ್ಣವೆಂದು ತಿಳಿಯದೆ, ರಾಯರು ನಾಲ್ಕೇ ದಿನಕ್ಕೆ ಬಿಟ್ಟರು. ಔಷಧದ ಅಂಗಡಿಯವನು, “ನರದ ವೀಕ್‌ನೆಸ್ ಸಾರ್, ಈ ವಯಸ್ಸಿಗೆ ಎಲ್ಲರಿಗೂ ಇದ್ದದ್ದೇ,” ಎಂದು ಉರಿ ತಗ್ಗಿಸುವ ಮಾತ್ರೆ ಕೊಟ್ಟ. ಉರಿ ನಿಜವಾಗಿಯೂ ತಗ್ಗಿತು. ನಿದ್ದೆ ಬಂತು. ಕಾಯಿಲೆ ವಾಸಿಯಾಯಿತೆಂದು ಮನೆಯವರೆಲ್ಲ ನಂಬಿದರು. ಬೆಳಗಿನ ವಾಯುಸಂಚಾರದಲ್ಲಿ ಎಡಗಾಲಿನ ಹವಾಯಿ ಚಪ್ಪಲಿ ಆಗಾಗ ಕಳಚಿ ಹಿಂದೆ ಉಳಿಯುತ್ತಿದ್ದುದನ್ನೂ, ಹತ್ತು ಹೆಜ್ಜೆ ಹೋದ ಮೇಲೆ ಯಾರಾದರೂ ಕೂಗಿ ಹೇಳಬೇಕಾಗುತ್ತಿದ್ದುದನ್ನೂ ಚಪ್ಪಲಿಯ ಸವೆತವೆಂದು ಬಗೆದು ಹೊಸ ಜೋಡು ಕೊಂಡರು.

ಒಂದು ಮುಂಜಾನೆ ಮನೆಯಾಕೆ ನಡುಮನೆಯ ನೆಲದ ಮೇಲೆ ಸಾಲಾಗಿ ಬಿದ್ದ ಕೆಂಪು ಕಲೆಗಳನ್ನು ಕಂಡರು. ಕುಂಕುಮ ಚೆಲ್ಲಿರಬೇಕೆಂದು ಬಟ್ಟೆಯಿಂದ ಒರೆಸುತ್ತ ಹೋದವರು ಬಂದು ನಿಂತದ್ದು ರಾಯರ ಕುರ್ಚಿಯ ಬಳಿ.

“ಏನೂಂದ್ರೆ, ಕಾಲಿಗೆ ಏನು ಮಾಡಿಕೊಂಡಿರಿ?”

“ಏನೂ ಇಲ್ಲವಲ್ಲ,” ಎಂದು ರಾಯರು ಪತ್ರಿಕೆಯಿಂದ ತಲೆಯೆತ್ತಿದರು.

ಅವರ ಎಡ ಅಂಗಾಲಿನಲ್ಲಿ ಒಂದು ಗಾಜಿನ ಚೂರು ನೆಟ್ಟಿತ್ತು. ಹಿಂದಿನ ಸಂಜೆ ಒಡೆದ ಲೋಟದ್ದು. ರಾತ್ರಿಯೆಲ್ಲ ಅದು ಅಲ್ಲಿಯೇ ಇದ್ದಿರಬೇಕು.

ರಾಯರು ವೈದ್ಯರ ಬಳಿ ಹೋಗುವ ಮುನ್ನ ಕೇಳಬೇಕಾದ ಒಂದು ಹಳೆಯ ಕಥೆಯಿದೆ. ನರದ ಬೇನೆಯ ಕಾರಣವನ್ನು ಎಲ್ಲಿ ಹುಡುಕಬೇಕೆಂಬುದನ್ನು ಲೋಕಕ್ಕೆ ಮೊದಲು ಕಲಿಸಿದವು ಕೋಳಿಗಳು. 1886ರಲ್ಲಿ ಡಚ್ ಸರ್ಕಾರ ತನ್ನ ವಶದಲ್ಲಿದ್ದ ಜಾವಾ ದ್ವೀಪಕ್ಕೆ ವೈದ್ಯರ ತಂಡವೊಂದನ್ನು ಕಳುಹಿಸಿತು. ಅಲ್ಲಿ ಸೈನಿಕರೂ ಕೈದಿಗಳೂ ಬೆರಿಬೆರಿ ಎಂಬ ಬೇನೆಯಿಂದ ಕಾಲಿನ ಸ್ವಾಧೀನ ಕಳೆದುಕೊಂಡು ಸಾಯುತ್ತಿದ್ದರು. ರೋಗಾಣುಗಳ ಶೋಧ ಭರದಿಂದ ನಡೆಯುತ್ತಿದ್ದ ಕಾಲವದು. ಇದಕ್ಕೂ ಒಂದು ರೋಗಾಣು ಇದ್ದೇ ಇರಬೇಕೆಂದು ಎಲ್ಲರ ಎಣಿಕೆ. ತಂಡದಲ್ಲಿದ್ದ ಕ್ರಿಶ್ಚಿಯನ್ ಐಕ್ಮನ್ ಬಟಾವಿಯಾದ, ಎಂದರೆ ಇಂದಿನ ಜಕಾರ್ತಾದ, ಪ್ರಯೋಗಶಾಲೆಯಲ್ಲಿ ಉಳಿದು ವರ್ಷಗಟ್ಟಲೆ ಹುಡುಕಿದರು. ಒಮ್ಮೆ ಪ್ರಯೋಗಶಾಲೆಯ ಕೋಳಿಗಳು ಕಾಲು ಕುಸಿದು ಬೀಳತೊಡಗಿದವು. ಕೆಲವು ತಿಂಗಳ ಮೇಲೆ ಯಾವ ಮದ್ದೂ ಇಲ್ಲದೆ ಎದ್ದು ಓಡಾಡಿದವು. ವಿಚಾರಿಸಿದಾಗ ತಿಳಿದುದಿಷ್ಟು: ಆ ಅವಧಿಯಲ್ಲಿ ಕೋಳಿಗಳಿಗೆ ಹಾಕುತ್ತಿದ್ದುದು ಸೇನಾ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನ. ಹೊಸ ಅಡುಗೆಯವನು ಬಂದು, ಸೇನೆಯ ಅನ್ನವನ್ನು ಸೇನೆಗೆ ಸೇರದ ಕೋಳಿಗಳಿಗೆ ಕೊಡಲಾಗದೆಂದು ನಿಲ್ಲಿಸಿದ. ಕೋಳಿಗಳು ಮತ್ತೆ ಪಾಲಿಷ್ ಮಾಡದ ಒರಟು ಅಕ್ಕಿ ತಿಂದವು, ವಾಸಿಯಾದವು.

ಆಮೇಲೆ ಫೋರ್ಡರ್ಮನ್ ಎಂಬ ಅಧಿಕಾರಿ ಜಾವಾದ ಸುಮಾರು 100 ಸೆರೆಮನೆಗಳ ಲೆಕ್ಕ ತೆಗೆದರು. 1897ರಲ್ಲಿ ಪ್ರಕಟವಾದ ಆ ಲೆಕ್ಕದಂತೆ, ಬಿಳಿ ಅಕ್ಕಿ ಉಣ್ಣುತ್ತಿದ್ದ ಕೈದಿಗಳಲ್ಲಿ 39 ಮಂದಿಗೆ ಒಬ್ಬನಂತೆ ಬೆರಿಬೆರಿ. ತೌಡುಳಿದ ಅಕ್ಕಿ ಉಣ್ಣುತ್ತಿದ್ದವರಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬ. ಅಕ್ಕಿಯಲ್ಲಿ ವಿಷವಿದೆಯೆಂದು ಐಕ್ಮನ್ ಮೊದಲು ಭಾವಿಸಿದ್ದರು. ವಿಷವಿರುವುದಲ್ಲ, ಬೇಕಾದುದೊಂದು ಇಲ್ಲವಾಗಿರುವುದು ಎಂದು 1901ರಲ್ಲಿ ಅವರ ಜಾಗಕ್ಕೆ ಬಂದ ಗ್ರಿನ್ಸ್ ತೋರಿಸಿದರು. ಆ ಬೇಕಾದುದೇ ಇಂದು ಬಿ1 ಎಂದು ಕರೆಯುವ ಜೀವಸತ್ವ. 1926ರಲ್ಲಿ ಅದೇ ಪ್ರಯೋಗಶಾಲೆಯಲ್ಲಿ ಅದರ ಹರಳುಗಳು ಕೈಗೆ ಬಂದವು. 1929ರಲ್ಲಿ ಐಕ್ಮನ್‌ರಿಗೆ ನೊಬೆಲ್ ಬಹುಮಾನದ ಪಾಲು ದೊರೆಯಿತು. ದಕ್ಷಿಣ ಕನ್ನಡದ ಜನ ಇದಾವುದನ್ನೂ ಓದದೆಯೇ ಭತ್ತವನ್ನು ಸಿಪ್ಪೆಯೊಡನೆ ಬೇಯಿಸಿ ಒಣಗಿಸಿ ಕುಚ್ಚಲಕ್ಕಿ ಮಾಡಿ ಉಣ್ಣುತ್ತ ಬಂದಿದ್ದಾರೆ. ಹಾಗೆ ಬೇಯಿಸುವಾಗ ತೌಡಿನಲ್ಲಿರುವ ಬಿ1 ಕಾಳಿನೊಳಗೆ ಇಳಿಯುತ್ತದೆ. ಗಿರಣಿಯಲ್ಲಿ ಅರೆದರೂ ಪೂರ್ತಿ ಹೋಗುವುದಿಲ್ಲ.

ಬೆರಿಬೆರಿಯ ಕಾರಣವನ್ನು ಮರೆಮಾಡಿದ್ದು ರೋಗಾಣುವಿನ ಮೇಲಿನ ನಂಬಿಕೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1900ರಲ್ಲಿ ಕಾರಣವನ್ನು ಮರೆಮಾಡಿದ್ದು ನೀತಿಬೋಧೆ. ಆ ವರ್ಷ ಅಲ್ಲಿನ ಆಸ್ಪತ್ರೆಗಳಿಗೆ ಕಾಲುರಿಯಿಂದ ನರಳುತ್ತ, ನಡೆಯಲಾರದೆ ಬಂದ ಬಡವರ ಸಂಖ್ಯೆ ಏಕಾಏಕಿ ಏರಿತು. ಎಲ್ಲರೂ ಬಿಯರ್ ಕುಡಿಯುವವರು. ಕುಡಿತದಿಂದ ನರ ಕೆಡುವುದು ತಿಳಿದ ವಿಷಯವೇ ಆಗಿದ್ದುದರಿಂದ, ಕುಡುಕರ ನರದ ಉರಿಯೂತವೆಂದು ಬರೆದು ಮುಗಿಸುತ್ತಿದ್ದರು. ಕುಡಿದವನು ಅನುಭವಿಸುತ್ತಾನೆ, ಇದರಲ್ಲಿ ವಿಚಾರಿಸುವುದೇನು? ಅರ್ನೆಸ್ಟ್ ರೇನಾಲ್ಡ್ಸ್ ಎಂಬ ವೈದ್ಯರು ಮಾತ್ರ ಎರಡು ಸಂಗತಿಗಳನ್ನು ಗಮನಿಸಿದರು. ರೋಗಿಗಳ ಚರ್ಮ ಕಪ್ಪಿಡುತ್ತಿತ್ತು. ಅಲ್ಲದೆ ವಿಸ್ಕಿಯಂಥ ಬಲವಾದ ಮದ್ಯ ಕುಡಿಯುವವರಿಗೆ ಈ ಬೇನೆ ಬರುತ್ತಿರಲಿಲ್ಲ, ಬಿಯರ್ ಕುಡಿಯುವವರಿಗೇ ಬರುತ್ತಿತ್ತು. ಅವರು ಬಿಯರನ್ನು ಪರೀಕ್ಷಿಸಿದಾಗ ಅದರಲ್ಲಿ ಪಾಷಾಣ, ಎಂದರೆ ಆರ್ಸೆನಿಕ್, ಸಿಕ್ಕಿತು. ಬಿಯರ್ ತಯಾರಿಸಲು ಬಳಸಿದ ಸಕ್ಕರೆಯನ್ನು ಮಾಡುವಾಗ ಉಪಯೋಗಿಸಿದ ಗಂಧಕಾಮ್ಲದಿಂದ ಅದು ಬಂದಿತ್ತು. 6000ಕ್ಕೂ ಹೆಚ್ಚು ಮಂದಿ ರೋಗಕ್ಕೆ ತುತ್ತಾಗಿದ್ದರು. ಕಡಿಮೆಯೆಂದರೂ 70 ಮಂದಿ ಸತ್ತಿದ್ದರು. ರೋಗಿಯ ನಡತೆಯನ್ನು ದೂರುವುದು ಬಲು ಸುಲಭವಾದ ನಿದಾನ. ನಿಜವಾದ ನಿದಾನಕ್ಕೆ ಅದರಷ್ಟು ದೊಡ್ಡ ಅಡ್ಡಿ ಮತ್ತೊಂದಿಲ್ಲ.

ಊಟದಲ್ಲಿ, ಪಾನೀಯದಲ್ಲಿ ಅಡಗಿದ ಕಾರಣ ಮದ್ದಿನ ಡಬ್ಬಿಯಲ್ಲಿಯೂ ಅಡಗಿರಬಹುದು. ಕ್ಷಯಕ್ಕೆ ಐಸೋನಿಯಾಜಿಡ್ ಎಂಬ ಔಷಧ 1952ರಲ್ಲಿ ಬಂದಾಗ ಜಗತ್ತೇ ನಿಟ್ಟುಸಿರು ಬಿಟ್ಟಿತು. ಸ್ವಲ್ಪ ಕಾಲದಲ್ಲಿಯೇ ಅದನ್ನು ಸೇವಿಸಿದ ಕೆಲವರ ಪಾದ ಉರಿಯತೊಡಗಿತು. ಆ ಔಷಧ ದೇಹದಲ್ಲಿರುವ ಬಿ6 ಜೀವಸತ್ವವನ್ನು ಬರಿದುಮಾಡುತ್ತದೆಂದು ತಿಳಿಯಿತು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರದ ವೈದ್ಯರು ಈ ಬೇನೆಯನ್ನು ಹತ್ತಿರದಿಂದ ಅಭ್ಯಸಿಸಿದರು. ಔಷಧವನ್ನು ದೇಹದಿಂದ ನಿಧಾನವಾಗಿ ಕಳೆಯುವ ಹುಟ್ಟುಗುಣವುಳ್ಳವರಿಗೆ ಇದು ಹೆಚ್ಚಾಗಿ ಬರುತ್ತದೆ. ಸ್ವಲ್ಪವೇ ಬಿ6 ಕೊಟ್ಟರೆ ಬಾರದಂತೆ ತಡೆಯಬಹುದು. ಇಂದು ಕ್ಷಯದ ಮದ್ದಿನೊಡನೆ ಬಿ6 ಮಾತ್ರೆ ಕೊಡುವುದು ರೂಢಿಯಾಗಿದೆ. ಹಾಗೆಂದು ಅದು ಎಷ್ಟು ತಿಂದರೂ ಒಳ್ಳೆಯದೆನ್ನುವಂತಿಲ್ಲ. ಅದನ್ನೇ ದಿನಕ್ಕೆ ಕೆಲವು ಗ್ರಾಂಗಳಂತೆ ನುಂಗಿದವರ ನರಗಳು ಕೆಟ್ಟುಹೋದುದನ್ನು 1983ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಕೊರತೆಯಿಂದ ಕೆಡುವ ನರ ಅತಿಯಿಂದಲೂ ಕೆಡುತ್ತದೆ.

ಆದುದರಿಂದ ರಾಯರು ಕೊನೆಗೂ ಹೋಗಿ ಕುಳಿತ ವೈದ್ಯರು ಮೊದಲು ಚೀಟಿ ಬರೆಯಲಿಲ್ಲ, ಪ್ರಶ್ನೆ ಕೇಳಿದರು. ಬೇನೆ ಎಷ್ಟು ಕಾಲದಿಂದ? ಎರಡು ಕಾಲಿಗೂ ಸಮವೆ? ದಿನಗಳಲ್ಲಿ ಏರಿತೆ, ವರ್ಷಗಳಲ್ಲಿ ಏರಿತೆ? ದಿನಗಳಲ್ಲಿ ಏರುವ ಕಾಲಿನ ದೌರ್ಬಲ್ಯ ಬೇರೆಯೇ ಬಗೆಯದು. ಅದು ಉಸಿರಾಟವನ್ನೂ ಹಿಡಿಯಬಹುದಾದುದರಿಂದ ಆ ಹೊತ್ತೇ ಆಸ್ಪತ್ರೆ ಸೇರಬೇಕು. ಊಟವೇನು? ಮದ್ಯವುಂಟೆ? ಥೈರಾಯಿಡ್, ಮೂತ್ರಪಿಂಡ ಹೇಗಿವೆ? ಮನೆಯಲ್ಲಿರುವ ಮದ್ದುಗಳನ್ನೆಲ್ಲ, ಲೇಹ್ಯ ಭಸ್ಮಗಳನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿ ತಂದು ತೋರಿಸಲು ಸಾಧ್ಯವೆ?

ರಾಯರಿಗೆ ಇದು ಪರಿಚಿತವಾದ ಕೆಲಸವೆನಿಸಿತು. ತಾವು ಮೂವತ್ತು ವರ್ಷ ಮಾಡಿದ ಲೆಕ್ಕ ತಪಾಸಣೆಯೇ ಇದು. ಈಗ ಕಡತ ಮಾತ್ರ ತಮ್ಮದು.

ವೈದ್ಯರು ನೈಲಾನಿನ ಎಳೆಯೊಂದನ್ನು ಪಾದದ ಹಲವೆಡೆ ಒತ್ತಿದರು. ಅದು ಹತ್ತು ಗ್ರಾಂ ಭಾರಕ್ಕೆ ಬಾಗುವಂತೆ ಮಾಡಿದ ಎಳೆ; ಅಷ್ಟು ಒತ್ತಡವೂ ತಿಳಿಯದ ಪಾದ ಗಾಯಕ್ಕೆ ಗುರಿಯಾದ ಪಾದ. ರಾಯರು ಕಣ್ಣು ಮುಚ್ಚಿ, “ಶುರು ಮಾಡಿ ಡಾಕ್ಟರೇ,” ಎಂದರು. ಅಷ್ಟರಲ್ಲಿ ಆರು ಕಡೆ ಒತ್ತಿಯಾಗಿತ್ತು. ಸಂಗೀತಗಾರರು ಶ್ರುತಿ ನೋಡುವಂಥ ಉಕ್ಕಿನ ಕವೆಯನ್ನು ಮೀಟಿ ಹೆಬ್ಬೆರಳಿನ ಮೂಳೆಯ ಮೇಲಿಟ್ಟರೆ ಅದರ ಕಂಪನವೂ ತಿಳಿಯಲಿಲ್ಲ. ಆಮೇಲೆ ವೈದ್ಯರು ಮೊಣಕೈಯ ಒಳಬದಿಯನ್ನು ಬೆರಳಿನಿಂದ ತಡವಿ, ಮೈಮೇಲೆ ಮಚ್ಚೆಗಳಿವೆಯೆ ಎಂದು ಕೇಳಿದರು. ಅದು ಯಾತಕ್ಕೆಂದು ತಿಳಿದಾಗ ರಾಯರ ಮುಖ ಕೆಂಪಾಯಿತು. “ನಮ್ಮ ಮನೆತನದಲ್ಲಿ ಅಂಥದ್ದೆಲ್ಲ ಇಲ್ಲ,” ಎಂದರು.

ಕುಷ್ಠರೋಗದ ಹೆಸರಿಗೆ ಇಂದಿಗೂ ಮುಖ ಕೆಂಪಾಗುತ್ತದೆ. ಆದರೆ ರೋಗಾಣುವಿಗೆ ಮನೆತನದ ಗೊಡವೆಯಿಲ್ಲ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕಂಡ ಆ ರೋಗಾಣು ಚರ್ಮವನ್ನೂ ಹೊರನರಗಳನ್ನೂ ಹಿಡಿಯುತ್ತದೆ. ಮೊಣಕೈಯ ಬಳಿ ನರ ಹುರಿಯಂತೆ ದಪ್ಪಗಾಗಿ ಕೈಗೆ ಸಿಗುವುದುಂಟು. ಭಾರತದಲ್ಲಿ ಇಂದಿಗೂ ಹೊಸ ರೋಗಿಗಳು ಕಾಣಿಸಿಕೊಳ್ಳುತ್ತಿದ್ದಾರೆ. ಬೇಗ ಗುರುತಿಸಿದರೆ ಮದ್ದಿನಿಂದ ಪೂರ್ತಿ ವಾಸಿಯಾಗುತ್ತದೆ. ರೋಗವೇ ಬೆರಳುಗಳನ್ನು ತಿಂದುಹಾಕುತ್ತದೆಂದು ಬಹುಕಾಲ ಜನ ನಂಬಿದ್ದರು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅಲ್ಲಿನ ರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ನೋಡಿ, ಬೆರಳು ಹೋಗುವುದು ನೋವು ತಿಳಿಯದ ಕಾರಣದಿಂದಾದ ಗಾಯಗಳಿಂದ ಎಂದು ತೋರಿಸಿಕೊಟ್ಟರು. ಬಿಸಿ ಪಾತ್ರೆ, ಒರಟು ಹಿಡಿಕೆ, ಚಪ್ಪಲಿಯ ಮೊಳೆ, ಇವೇ ಶತ್ರುಗಳು. ನೋವೆಂಬ ಕಾವಲುಗಾರ ಇಲ್ಲದ ಮನೆಗೆ ಇವು ನುಗ್ಗುತ್ತವೆ. ಕುಷ್ಠರೋಗಿಗಳ ಪಾದ ಕಾಯಲು ಬಳಕೆಗೆ ಬಂದ ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿಯನ್ನೇ ಇಂದು ಸಕ್ಕರೆ ಕಾಯಿಲೆಯವರಿಗೂ ಹೇಳುತ್ತಾರೆ. ಆ ಚಪ್ಪಲಿಗೆ ಮನೆತನದ ಭೇದವಿಲ್ಲ.

ರಾಯರ ಮೊಣಕೈಯ ನರ ಸರಿಯಾಗಿಯೇ ಇತ್ತು. ಪಾದದ ಬೇನೆಗೆ ಸಕ್ಕರೆ ಕಾಯಿಲೆಯೊಂದೇ ಸಾಕಾದ ಕಾರಣವೆಂದು ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಜಗತ್ತಿನಲ್ಲಿ ಈ ಬೇನೆಗೆ ಅತ್ಯಂತ ಸಾಮಾನ್ಯವಾದ ಮೂಲ ಅದೇ. ಆದರೆ ಚೀಲದಿಂದ ಹೊರಬಂದ ಮದ್ದುಗಳು ಬೇರೊಂದು ಕಥೆಯನ್ನೂ ಹೇಳಿದವು. ಹನ್ನೆರಡು ವರ್ಷದಿಂದ ಮೆಟ್‌ಫಾರ್ಮಿನ್; ಆರು ವರ್ಷದಿಂದ ಹುಳಿತೇಗಿಗೆ ದಿನವೂ ಒಂದು ಗುಳಿಗೆ. ಎರಡೂ ಆಹಾರದಿಂದ ಬಿ12 ಜೀವಸತ್ವ ದೇಹಕ್ಕೆ ಸೇರುವುದನ್ನು ಕುಗ್ಗಿಸಬಲ್ಲವು. 1948ರಲ್ಲಿ ಶುದ್ಧರೂಪದಲ್ಲಿ ದೊರೆತ ಈ ಜೀವಸತ್ವ ಸೊಪ್ಪು, ಬೇಳೆ, ಧಾನ್ಯಗಳಲ್ಲಿ ಇಲ್ಲ. ಸಸ್ಯಾಹಾರಿಗೆ ಅದು ಸಿಕ್ಕುವುದು ಹಾಲು ಮೊಸರುಗಳಿಂದ ಮಾತ್ರ. ಕೊಬ್ಬಿಗೆ ಹೆದರಿ ರಾಯರು ಹಾಲು ಮೊಸರನ್ನು ಬಿಟ್ಟು ನೀರುಮಜ್ಜಿಗೆಗೆ ಇಳಿದು ನಾಲ್ಕು ವರ್ಷವಾಗಿತ್ತು. ರಕ್ತಪರೀಕ್ಷೆಯಲ್ಲಿ ಬಿ12 ಇರಬೇಕಾದುದಕ್ಕಿಂತ ಬಹಳ ಕಡಿಮೆಯಿತ್ತು. ಒಂದು ಬೇನೆಗೆ ಒಂದೇ ಕಾರಣವಿರಬೇಕೆಂಬ ನಿಯಮವಿಲ್ಲ. ಸಕ್ಕರೆ ನರವನ್ನು ಸವೆಸುತ್ತಿತ್ತು. ಕೊರತೆ ಅದಕ್ಕೆ ಕೈ ಜೋಡಿಸಿತ್ತು. ಮೊದಲನೆಯದನ್ನು ಹದ್ದಿನಲ್ಲಿಡಬಹುದು, ಎರಡನೆಯದನ್ನು ಪೂರ್ತಿ ತುಂಬಿಕೊಡಬಹುದು.

ಚುಚ್ಚುಮದ್ದು ಆರಂಭವಾಯಿತು. ಕೆಲವು ತಿಂಗಳಲ್ಲಿ ನಡಿಗೆಯ ತೂರಾಟ ತಗ್ಗಿತು, ಉರಿ ಕಡಿಮೆಯಾಯಿತು. ಆದರೆ ಹೆಬ್ಬೆರಳಿಗೆ ಸ್ಪರ್ಶ ಮರಳಲಿಲ್ಲ. “ಎರಡು ವರ್ಷ ಮೊದಲೇ ಬಂದಿದ್ದರೆ?” ಎಂದು ಮನೆಯಾಕೆ ಕೇಳಿದರು. ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನೂ ಸ್ವಲ್ಪ ಉಳಿಯುತ್ತಿತ್ತಮ್ಮ,” ಎಂದರು. ಪೆಟ್ಟು ತಿಂದ ನರ ಮತ್ತೆ ಬೆಳೆಯುವುದಾದರೂ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಪೂರ್ತಿ ಒಣಗಿದ ಮೇಲೆ ಅದೂ ಇಲ್ಲ. ಉರಿ ತಗ್ಗಿಸುವ ಮಾತ್ರೆ ತಪ್ಪಾದ ಮಾತ್ರೆಯೇನಲ್ಲ. ನಿದ್ದೆಗೆಟ್ಟವರಿಗೆ ಅದು ಬೇಕು. ಅದು ಕಾರಣದ ಶೋಧಕ್ಕೆ ಬದಲಾಗಿ ಬಂದುದೇ ತಪ್ಪು.

ಎಲ್ಲರಿಗೂ ರಾಯರಂತೆ ಕಾರಣ ಸಿಕ್ಕೀತೆಂದು ಹೇಳುವಂತಿಲ್ಲ. ಸಕ್ಕರೆ, ಬಿ12, ಥೈರಾಯಿಡ್, ಮೂತ್ರಪಿಂಡ, ರಕ್ತದ ಪ್ರೋಟೀನುಗಳು, ನರದಲ್ಲಿ ವಿದ್ಯುತ್ತು ಹರಿಯುವ ವೇಗ, ಎಲ್ಲವನ್ನೂ ನೋಡಿದ ಮೇಲೂ ಉತ್ತರವಿಲ್ಲದೆ ಉಳಿಯುವವರು ಇದ್ದಾರೆ. ಆದರೂ ಹುಡುಕುವವರು ಬೇಗ ಕೈಚೆಲ್ಲಬಾರದೆಂಬುದಕ್ಕೆ ಅಮೆರಿಕದ ಮೇಯೊ ಚಿಕಿತ್ಸಾಲಯದ ಒಂದು ಅಧ್ಯಯನ ಸಾಕ್ಷಿ. ಕಾರಣ ತಿಳಿಯದೆಂದು ಕಳುಹಿಸಲ್ಪಟ್ಟ 205 ಮಂದಿಯನ್ನು ಅಲ್ಲಿ ಪೀಟರ್ ಡೈಕ್ ಮತ್ತು ಅವರ ಸಹೋದ್ಯೋಗಿಗಳು ಮತ್ತೆ ಪರೀಕ್ಷಿಸಿ, 1981ರಲ್ಲಿ ವರದಿ ಪ್ರಕಟಿಸಿದರು. 100ಕ್ಕೆ 76 ಮಂದಿಯಲ್ಲಿ ಕಾರಣ ದೊರೆಯಿತು. ಹೆಚ್ಚಿನ ಪಾಲು, 100ಕ್ಕೆ 42, ವಂಶದಿಂದ ಬಂದ ಬೇನೆ. ಅದನ್ನು ತಿಳಿಯಲು ಅವರು ರೋಗಿಯನ್ನಷ್ಟೇ ನೋಡಲಿಲ್ಲ. ರೋಗಿಯ ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ ಮಕ್ಕಳನ್ನೂ ಕರೆಸಿ ಪರೀಕ್ಷಿಸಿದರು. ತಮಗೇನೂ ಇಲ್ಲವೆಂದು ಹೇಳುತ್ತಿದ್ದ ಬಂಧುಗಳಲ್ಲಿಯೂ ಅದೇ ಬೇನೆ ಸಣ್ಣದಾಗಿ ಅಡಗಿತ್ತು. ಅಜ್ಜಿಯ ಪಾದದ ಕಮಾನು ಏಕೆ ಅಷ್ಟು ಎತ್ತರ, ದೊಡ್ಡಪ್ಪ ಏಕೆ ಪದೇ ಪದೇ ಎಡವುತ್ತಿದ್ದರು ಎಂಬುದು ಮನೆಯ ಹಾಸ್ಯದ ವಿಷಯವಾಗಿ ಉಳಿಯದೆ ವೈದ್ಯರ ಕಿವಿಗೂ ಬೀಳುವುದು ಒಳ್ಳೆಯದು.

ಕಾರಣ ಸಿಕ್ಕಲಿ, ಸಿಕ್ಕದಿರಲಿ, ಮರಗಟ್ಟಿದ ಪಾದವುಳ್ಳವರ ಮನೆಯಲ್ಲಿ ಒಂದು ಕೆಲಸ ನಿತ್ಯವೂ ನಡೆಯಬೇಕಾಗುತ್ತದೆ. ಮಲಗುವ ಮುನ್ನ ಅಂಗಾಲನ್ನೂ ಬೆರಳ ಸಂದುಗಳನ್ನೂ ಬೆಳಕಿನಲ್ಲಿ ನೋಡುವುದು. ಚಪ್ಪಲಿ ಮೆಟ್ಟುವ ಮುನ್ನ ಒಳಗೆ ಕೈಯಾಡಿಸುವುದು. ಬಿಸಿನೀರಿನ ಕಾವನ್ನು ಕಾಲಿನಿಂದಲ್ಲ, ಮೊಣಕೈಯಿಂದ ಅರಿಯುವುದು. ಬಗ್ಗಿ ನೋಡಲಾರದ ಹಿರಿಯರಿಗೆ ಮನೆಯ ಕಿರಿಯರು ನೋಡಿ ಹೇಳಬೇಕು. ಹಬ್ಬ ಹುಣ್ಣಿಮೆಗಳಲ್ಲಿ ಹಿರಿಯರ ಪಾದ ಮುಟ್ಟಿ ನಮಸ್ಕರಿಸುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಹಾಗೆ ಮುಟ್ಟಿದಾಗ ಅವರಿಗೆ ಆ ಸ್ಪರ್ಶ ತಿಳಿಯಿತೆ ಎಂದೂ ಒಮ್ಮೆ ಕೇಳಬಹುದು.